ಗೌಡರು ಸಮುದ್ರ ನೋಡಾಕ ಹೊಂಟದ್ದು

ಮೋಟಾರು ನಡೆಸುವವನ ಬೆನ್ನ ಹಿಂದೆ ಏನೇನು ನಡೆಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಹಿಂದಿನ ಸೀಟಿನಲ್ಲಿ ಲಗ್ನ ಕುದುರುತ್ತವೆ, ಮುರಿಯುತ್ತವೆ, ಅಣ್ಣತಮ್ಮಂದಿರು ಬೇರೆಯಾಗುತ್ತಾರೆ. ಡ್ರೈವರ ಮಾತ್ರ ಕಣ್ಣು ಮುಂದೆ, ಕಿವಿ ಹಿಂದೆ ಇಟ್ಟುಕೊಂಡು ಕೂತಿರುತ್ತಾನೆ. ಹಾನಗಲ್ಲಿನಲ್ಲಿ ಮೂವತ್ತು ವರ್ಷ ಮೋಟಾರು ಓಡಿಸಿದ ನನಗೆ ಇಂಥವು ಬೇಕಾದಷ್ಟು ಆಗಿವೆ. ಅದರಲ್ಲಿ ನಗು ಬರುವಂಥದ್ದು ಹೇಳು ಎಂದರೆ ಎಲ್ಲವೂ ಒಬ್ಬರೇ ಮನುಷ್ಯರ ಹತ್ತಿರ ಬಂದು ನಿಲ್ಲುತ್ತವೆ. ನಾನು ಕೆಲಸಕ್ಕಿದ್ದ ಮನೆಯ ಗೌಡರು ಅವರು. ದೊಡ್ಡ ಯುದ್ಧ ನಡೆದಿದ್ದ ಕಾಲ. ಗೌಡರು ಆಗ ಸಾಯಾಕ ಹತ್ತಿದ್ದರು. ಅದಕ್ಕೆ ನಗುವುದು ತಪ್ಪು, ಒಪ್ಪುತ್ತೇನೆ. ಆದರೆ ಮೊದಲು ನಕ್ಕವರು ಅವರೇ.

೧. ಹಕೀಮರ ಪಥ್ಯ

ಗೌಡರ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ದೊಡ್ಡ ಡಾಕ್ಟರು ನೋಡಿ, ಕೊಯ್ದು ತೆಗೆಯುವ ಹಂತ ದಾಟಿದೆ ಎಂದು ಕೈಚೆಲ್ಲಿದ್ದರು. ಕಡೆಯ ಆಶೆ ಎಂದು ಸವಣೂರಿನ ಒಬ್ಬ ಮುದುಕ ಹಕೀಮರ ಕಡೆ ಕರೆದುಕೊಂಡು ಹೋದೆ. ಗೌಡಸಾನಿಯವರೂ ಬಂದಿದ್ದರು. ಹಕೀಮರು ನಾಡಿ ಹಿಡಿದು, ಕಣ್ಣು ಮುಚ್ಚಿ, ಒಂದು ಎಲೆ ಅಡಿಕೆ ಮುಗಿಯುವಷ್ಟು ಹೊತ್ತು ಕೂತರು. ಆಮೇಲೆ ಹಿಡಿದಿದ್ದ ಕೈಯನ್ನು ಮೆಲ್ಲಗೆ ಗೌಡರ ತೊಡೆಯ ಮೇಲೇ ಇಟ್ಟರು.

“ಗೌಡ್ರ, ಮನಸಿಗೆ ಬಂದದ್ದು ತಿನ್ರಿ. ಮನಸಿಗೆ ಬಂದಲ್ಲಿ ಹೋಗ್ರಿ.”

“ಔಷಧ?”

“ಬ್ಯಾಡ್ರಿ.”

“ಪಥ್ಯ?”

“ಅದೂ ಬ್ಯಾಡ್ರಿ.”

ಗೌಡಸಾನಿಯವರು ಸೆರಗು ಬಾಯಿಗೆ ಹಿಡಿದುಕೊಂಡು ಗೋಡೆಯ ಕಡೆ ತಿರುಗಿದರು. ಗೌಡರು ಮಾತ್ರ ಖುಷಿಯಲ್ಲಿ, “ಹಂಗಾರ ಮಾವಿನಹಣ್ಣು ತಿನ್ನಬಹುದಲ್ರಿ?” ಎಂದು ಕೇಳಿದರು. ಆಗಿನ್ನೂ ಚಳಿಗಾಲ ಸುರುವಾಗಿತ್ತು.

ಹಕೀಮರು ಸ್ವಲ್ಪ ತಡೆದು ಹೇಳಿದರು: “ಹಣ್ಣಿನ ದಾರಿ ಕಾಯಬ್ಯಾಡ್ರಿ ಗೌಡ್ರ. ಉಪ್ಪಿನಕಾಯಿ ತಿಂದಬಿಡ್ರಿ.”

೨. ಮಾಸ್ತರರ ನಕಾಶೆ

ತಿರುಗಿ ಬರುವಾಗ ಗೌಡರು ಹಿಂದಿನಿಂದ ನನ್ನ ಹೆಗಲು ತಟ್ಟಿ, “ನಾ ಸಮುದ್ರ ನೋಡಿಲ್ಲೋ” ಅಂದರು. ಘಟ್ಟ ಇಳಿದು ಕುಮಟಾ, ಅಲ್ಲಿಂದ ದಂಡೆ ಹಿಡಿದು ಅಂಕೋಲಾ, ಕಾರವಾರ. ನಾಲ್ಕು ದಿನ ಹೋಗುವುದು, ನಾಲ್ಕು ದಿನ ಬರುವುದು. ಹಗಲೆಲ್ಲ ಎಡಗಡೆ ನೀರು ಕಾಣಿಸುತ್ತಿರಬೇಕು. ಇಷ್ಟು ಅವರ ಆಶೆ.

ದಾರಿ ಗೊತ್ತು ಮಾಡಲಿಕ್ಕೆ ಸಾಲಿ ಮಾಸ್ತರರಿಗೆ ಹೇಳಿ ಕಳಿಸಿದೆವು. ಅವರು ಸಾಲಿಯ ದೊಡ್ಡ ನಕಾಶೆಯನ್ನೇ ಸುರುಳಿ ಸುತ್ತಿ ತಂದು ಪಡಸಾಲೆಯಲ್ಲಿ ಬಿಡಿಸಿದರು. ಬಿಡಿಸುತ್ತ ಬಿಡಿಸುತ್ತ ಅವರ ಮುಖ ಸಣ್ಣದಾಯಿತು.

“ಶಿರಸಿ ತನಕ ದಾರಿ ಬರೋಬರಿ ಐತ್ರಿ. ಅಲ್ಲಿಂದ ಮುಂದ ಗೆದ್ದಲ ತಿಂದೈತ್ರಿ.”

“ಸಮುದ್ರ?”

“ಅದನ್ನೂ ತಿಂದೈತ್ರಿ.”

“ತಿಂದೀತು ಬಿಡ್ರಿ,” ಗೌಡರು ಅಂದರು, “ಉಪ್ಪಿತ್ತಲ್ಲ.”

ಮಾಸ್ತರರು ಬಾಯಿಪಾಠದಿಂದ ಹೇಳಿದರು. ಮುಂದೆ ಹೊಳೆಗಳಿವೆ, ಸೇತುವೆ ಇಲ್ಲ, ಮೋಟಾರನ್ನು ದೋಣಿಯ ಮೇಲೆ ಹತ್ತಿಸಿ ದಾಟಿಸಬೇಕು. ಒಳಗಿಂದ ಗೌಡಸಾನಿಯವರ ದನಿ ಬಂತು: “ಅವರಿಗೆ ಈಸು ಬರಂಗಿಲ್ಲ!” ಗೌಡರು ಅತ್ತ ತಿರುಗಿ, “ಎರಡೆರಡು ಸಲ ಸಾಯಾಕ ಬರಂಗಿಲ್ಲ, ಸುಮ್ಮನಿರು” ಅಂದರು. ಆಮೇಲೆ ಮಾಸ್ತರರನ್ನು ಕೇಳಿದರು: “ಇಷ್ಟೆಲ್ಲ ಹೇಳತೀರಿ, ನೀವು ಸಮುದ್ರ ನೋಡೀರೇನ್ರಿ?”

ಮಾಸ್ತರರು ನಕಾಶೆ ಸುತ್ತುತ್ತ, “ನೋಡೇನ್ರಿ. ಇದರಾಗ. ಗೆದ್ದಲ ಹತ್ತೂದಕ್ಕಿಂತ ಮೊದಲ.”

೩. ಕಾರಕೂನನ ಉಪಾಯ

ಯುದ್ಧದಿಂದಾಗಿ ಪೆಟ್ರೋಲಿಗೆ ಚೀಟಿ ಬೇಕಾಗಿತ್ತು. ಕಚೇರಿಗೆ ನಾನೇ ಹೋದೆ. ಕಾರಕೂನ ಅರ್ಜಿ ಓದಿ, “ಸಮುದ್ರ ನೋಡಾಕ ಅಂತ ಬರದೀರಲ್ಲ, ಇದು ಕಾರಣ ಏನ್ರಿ?” ಅಂದ. ಮನುಷ್ಯ ಸಾಯಾಕ ಹತ್ತಾನ ಎಂದು ಹೇಳಿದೆ. “ಸಾಯಾಕ ಹತ್ತೂದೂ ಕಾರಣ ಅಲ್ರಿ,” ಅಂದ. ಕೆಟ್ಟವನಲ್ಲ ಅವನು. ಅತ್ತಿತ್ತ ನೋಡಿ, ದನಿ ಇಳಿಸಿ ಒಂದು ಉಪಾಯ ಹೇಳಿಕೊಟ್ಟ: “ಸತ್ತ ಮ್ಯಾಲ ಬರ್ರಿ. ಗೋಕರ್ಣಕ್ಕ ಅಸ್ಥಿ ಬಿಡಾಕ ಒಯ್ತೇವಿ ಅಂತ ಬರೀರಿ. ಅವತ್ತಿಂದವತ್ತ ಕೊಡಸ್ತೇನಿ.”

ಇದನ್ನು ಗೌಡರಿಗೆ ಹೇಗೆ ಹೇಳುವುದು? ಗೌಡಸಾನಿಯವರಿಗೆ ಹೇಳಿದೆ. ಅವರು, “ನಮ್ಮೊಳಗ ಹುಗೀತಾರ, ಸುಡೂದಿಲ್ಲ. ಅಸ್ಥಿ ಎಲ್ಲಿಂದ ತರೂಣು?” ಎಂದು ತಲೆಯ ಮೇಲೆ ಕೈ ಹೊತ್ತು ಕೂತರು. ಹಾಸಿಗೆಯ ಮೇಲಿದ್ದ ಗೌಡರಿಗೆ ಎಲ್ಲ ಕೇಳಿಸಿತ್ತು. ನನ್ನನ್ನು ಹತ್ತಿರ ಕರೆದು ಅಂಗಿಯ ತೋಳು ಮ್ಯಾಲೆತ್ತಿದರು. ಎರಡು ತಿಂಗಳ ಹಿಂದೆ ಅಕ್ಕಿಚೀಲ ಎತ್ತುತ್ತಿದ್ದ ಕೈ, ಈಗ ಬಾರಕೋಲಿನಷ್ಟಾಗಿತ್ತು.

“ಅಸ್ಥಿ ಅಂದ್ರ ಎಲುಬಲ್ಲೇನೋ? ನನ್ನ ಮೈಯಾಗ ಅದರ ಹೊರತು ಮತ್ತೇನೈತಿ? ಅಸ್ಥೀನ ಒಯ್ಯಾಕತ್ತೇವಿ ಅಂತ ಧೈರ್ಯದಿಂದ ಬರಿ. ಸುಳ್ಳಾಗಂಗಿಲ್ಲ.”

೪. ಮೊದಲನೇ ಅಳು

ಕಾರಕೂನ ಸಾವಿನ ದಾಖಲೆ ಕೇಳಿದ. ಅದು ಇನ್ನೂ ನಮ್ಮ ಹತ್ತಿರ ಇರಲಿಲ್ಲ.

ಕಡೆಗೆ ಶಿಗ್ಗಾವಿಯ ಒಬ್ಬ ಕಮ್ಮಾರನಿಂದ ಮೋಟಾರಿನ ಹಿಂದೆ ಇದ್ದಿಲಿನ ಡ್ರಮ್ಮು ಕೂಡ್ರಿಸಿದೆವು. ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಗಾಡಿ ಓಡಬೇಕು. ಬಂಕಾಪುರದ ತನಕ ಓಡಿಸಿ ನೋಡಿದೆ. ಹೋಗುವಾಗ ನಾನು ಗಾಡಿಯನ್ನು ನಡೆಸಿದೆ, ಬರುವಾಗ ಎತ್ತು ನಡೆಸಿದವು. ಮತ್ತೆ ರಿಪೇರಿ ಮಾಡಿಸಿ, ಬರುವ ಸೋಮವಾರ ಹೊರಡುವುದೆಂದು ಗೊತ್ತಾಯಿತು.

ಗೌಡರ ಒಬ್ಬಳೇ ಮಗಳನ್ನು ಚಿಕ್ಕೇರೂರಿಗೆ ಕೊಟ್ಟಿತ್ತು. ಆ ಕಡೆ ಹೊರಟಿದ್ದ ಒಬ್ಬನ ಕೈಯಲ್ಲಿ, “ಅಪ್ಪಾರು ಸೋಮವಾರ ಹೊಂಟಾರ, ಬಂದು ಮಾರಿ ನೋಡಿ ಹೋಗು” ಎಂದು ಹೇಳಿ ಕಳಿಸಿದೆವು. ಅವನು ದಾರಿಯಲ್ಲಿ ಸೋಮವಾರವನ್ನು ಮರೆತ. ಸಮುದ್ರವನ್ನಂತೂ ನಾವು ಹೇಳಿಯೇ ಇರಲಿಲ್ಲ. “ಅಪ್ಪಾರು ಹೊಂಟಾರ” ಅಷ್ಟೇ ರವಿವಾರ ಸಂಜೆ ಹೋಗಿ ಮುಟ್ಟಿತು.

ಸೋಮವಾರ ಮುಂಜಾನೆ ಎರಡು ಚಕ್ಕಡಿ ತುಂಬ ಮಂದಿ ಬಂದರು. ಅಗಸಿ ಬಾಗಿಲಿನಿಂದಲೇ ಅಳು. ಮಗಳು ಎಲ್ಲರಿಗಿಂತ ಮುಂದೆ ತಲೆಗೂದಲು ಬಿಚ್ಚಿ, “ಯಪ್ಪಾ, ನನ್ನ ಬಿಟ್ಟು ಹೊಂಟ್ಯಾ!” ಎಂದು ಓಡಿ ಬಂದಳು. ಗೌಡರು ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು.

“ಇನ್ನೂ ಇಲ್ಲವ್ವಾ,” ಅಂದರು. “ಇದ್ದಿಲು ತುಂಬಾಕತ್ತಾರ.”

ಹುಡುಗಿ ನಿಂತಲ್ಲೇ ಕುಸಿದಳು. ನಕ್ಕಳು, ಅಪ್ಪನ ಮೊಣಕಾಲಿಗೆ ಗುದ್ದಿದಳು, ಆಮೇಲೆ ಆ ಮೊಣಕಾಲು ಎಷ್ಟು ಬಡಕಲಾಗಿದೆ ಎಂದು ಕೈಗೆ ತಿಳಿದು ಮತ್ತೆ ಅತ್ತಳು. ಈ ಎರಡನೇ ಅಳುವಿಗೆ ದನಿ ಇರಲಿಲ್ಲ. ಗೌಡರು ಅವಳ ತಲೆಯ ಮೇಲೆ ಕೈಯಿಟ್ಟರು. ನಾವೆಲ್ಲರೂ ನೆಲ ನೋಡುತ್ತ ನಿಂತೆವು.

ಚಕ್ಕಡಿಯಲ್ಲಿ ಬಂದ ಒಬ್ಬ ಮುದುಕಿಗೆ ಮಾತ್ರ ತಡೆಯಲಾಗಲಿಲ್ಲ. ಹಾದಿಯುದ್ದಕ್ಕೂ ಅತ್ತು ಅವಳ ಗಂಟಲು ಕಟ್ಟಿತ್ತು. ನಡು ಹಿಡಿದುಕೊಂಡು ಕೇಳಿದಳು:

“ಹಂಗಾರ ನಾವು ಮತ್ತೊಮ್ಮೆ ಬರಬೇಕೇನ್ರಿ?”

೫. ಹೊಳೆಯ ಕಾಯ್ದೆ

ಅವರು ಮತ್ತೊಮ್ಮೆ ಬರಬೇಕಾಯಿತು. ಅದೇ ವಾರ. ಕಾರವಾರವನ್ನು ನಾವು ಕಾಣಲೇ ಇಲ್ಲ. ಗಂಗಾವಳಿ ಹೊಳೆಯನ್ನು ದಾಟಿ, ಆಚೆ ದಂಡೆಯಲ್ಲಿ ಗಾಡಿ ತಿರುಗಿಸಿ, ಅದೇ ದೋಣಿಯಲ್ಲಿ ಈಚೆ ಬಂದು ಊರಿನ ದಾರಿ ಹಿಡಿದೆವು.

ಆ ಸೋಮವಾರವೇ ಹೊರಟಿದ್ದೆವು. ಘಟ್ಟದಲ್ಲಿ ನಡೆದು ಹೋಗುವವರು ನಮ್ಮ ಮೋಟಾರನ್ನು ಹಿಂದೆ ಹಾಕಿ ಹೋಗಿದ್ದರು. ಕುಮಟಾ ಮುಟ್ಟುವಾಗ ಎರಡನೇ ದಿನ ಹೊತ್ತು ಮುಳುಗುತ್ತಿತ್ತು. ಗೌಡರನ್ನು ಎತ್ತಿಕೊಂಡು ಹೋಗಿ ಉಸುಕಿನ ಮೇಲೆ ಕೂಡ್ರಿಸಿದೆ. ಕೂಸಿನಷ್ಟು ಹಗುರಾಗಿದ್ದರು. ಬಹಳ ಹೊತ್ತು ನೋಡಿದರು. ಬಲೆ ಒಣಗಿಸುತ್ತಿದ್ದ ಒಬ್ಬನನ್ನು, “ತಮ್ಮಾ, ಇದು ಬ್ಯಾಸಗ್ಯಾಗ ಬತ್ತತೈತೇನು?” ಎಂದು ಕೇಳಿದರು. “ಇಲ್ಲ ಒಡೆಯಾ. ದಿನಾ ಹಿಂದೆ ಹೋಗ್ತದೆ, ಮತ್ತೆ ಬರ್ತದೆ,” ಎಂದ ಅವನು. “ಪುಣ್ಯಾ ಮಾಡೈತಿ,” ಅಂದರು ಗೌಡರು. ಗೌಡಸಾನಿಯವರು ಚಪ್ಪಲಿ ಬಿಟ್ಟು ಮೊಣಕಾಲ ತನಕ ನೀರಿಗೆ ಇಳಿದಿದ್ದರು. ಅವರನ್ನು ಕರೆಯಲಿಕ್ಕೆ ಹೋದರೆ ಗೌಡರು ಬ್ಯಾಡ ಎಂದು ಕೈ ಮಾಡಿದರು.

ಮೂರನೇ ದಿನ ಮುಂಜಾನೆ ಗಂಗಾವಳಿಗೆ ಬಂದೆವು. “ಆಚೀಕಿನ ದಂಡಿ ಮುಟ್ಟಿಸಿಬಿಡಪಾ,” ಎಂದು ಗೌಡರು ನನಗೆ ಹೇಳಿದರು. ದೋಣಿ ಇನ್ನೂ ಆ ಕಡೆ ಇತ್ತು. ನಾನು ಕೆಳಗಿಳಿದು ಡ್ರಮ್ಮಿಗೆ ಇದ್ದಿಲು ಹಾಕುತ್ತಿದ್ದೆ. ಹಿಂದಿನ ಸೀಟಿನಲ್ಲಿ ಗೌಡರು ಹೆಂಡತಿಯ ಹೆಗಲಿಗೆ ತಲೆಯಿಟ್ಟು ಮಲಗಿದ್ದರು. ಗೌಡಸಾನಿಯವರು ಅವರ ಕೈ ಹಿಡಿದುಕೊಂಡು ನೀರು ನೋಡುತ್ತಿದ್ದರು.

ದೋಣಿ ಬಂತು. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹೊದಿಸಿದ್ದು. ನಾವಿಕ ಬಂದು ಬಾಗಿಲು ಬಡಿದ.

“ಎಲ್ಲರೂ ಇಳೀರಿ. ಗಾಡಿ ಹತ್ತುವಾಗ ಒಳಗೆ ಯಾರೂ ಕೂಡ್ರುವ ಹಾಗಿಲ್ಲ.”

“ಯಜಮಾನ್ರಿಗೆ ಆರಾಮಿಲ್ಲಪಾ,” ಅಂದೆ. “ಅವರೊಬ್ಬರು ಕುಂದರ್ಲಿ.”

“ಆಗೂದಿಲ್ಲ. ಹಿಂದೊಮ್ಮೆ ಗಾಡಿ ಜಾರಿ ಹೊಳೆಗೆ ಬಿತ್ತು, ಒಳಗಿದ್ದವ ಹೊರಗೆ ಬರಲೇ ಇಲ್ಲ. ಅಂದಿನಿಂದ ಇದೇ ಕಾಯ್ದೆ. ಜೀವ ಇದ್ದವರು ಒಬ್ಬರೂ ಒಳಗೆ ಇರಬಾರದು.”

ಗೌಡಸಾನಿಯವರು ಗಂಡನ ತಲೆಯನ್ನು ತಮ್ಮ ಹೆಗಲಿನಿಂದ ಸೀಟಿಗೆ ಒರಗಿಸಿದರು. ರುಮಾಲು ನೆಟ್ಟಗೆ ಮಾಡಿದರು, ಶಾಲನ್ನು ಎದೆಯ ತನಕ ಎಳೆದರು. ತಾವೊಬ್ಬರೇ ಇಳಿದು, ಸಪ್ಪಳಾಗದ ಹಾಗೆ ಬಾಗಿಲು ಮುಚ್ಚಿದರು.

“ಹತ್ತಸಪಾ ಗಾಡೀನ,” ಅಂದರು. “ಅವರು ಕುಂತ್ರ ನಿನ್ನ ಕಾಯ್ದೆ ಮುರಿಯಂಗಿಲ್ಲ.”