ಕರ್ನಲ್ಲಿಗೊಂದು ಕಾವಲು, ನನಗೆ ನಮ್ಮವ್ವ

ಹೆದರೋದಕ್ಕೇ ನನಗೆ ಸಂಬಳ. ಆಸ್ಪತ್ರೆಯಲ್ಲಿ ರೋಗಿಗೆ ಉಸಿರು ಕೊಡೋ ಯಂತ್ರದ ಕಂಪ್ಯೂಟರಿನಲ್ಲಿ ಕರ್ನಲ್ ಅಂತ ಒಂದಿರುತ್ತೆ. ಮಿಕ್ಕ ಪ್ರೋಗ್ರಾಂಗಳಿಗೆಲ್ಲ ಅದೇ ಯಜಮಾನ. ಅದರಲ್ಲಿ ಏನು ಕೆಟ್ಟರೆ ಏನು ಅನಾಹುತ ಅಂತ ಮೊದಲೇ ಯೋಚಿಸಿ ಹೇಳೋಳು ನಾನು. ಜಗಳೂರಿನ ಬಾಡಿಗೆ ಮನೆಯಲ್ಲೇ ಕೂತು ಮಾಡೋ ಕೆಲಸ. ಆದರೆ ಹೆದರಿಕೆಗೆ ರಜೆ ಇಲ್ಲ ನೋಡಿ, ಹೋದಲ್ಲೆಲ್ಲ ಹಿಂದೆ ಬರುತ್ತೆ.

ಹೊನ್ನಾಳಿ ಬಸ್ಸು

ಒಮ್ಮೆ ಹೊನ್ನಾಳಿಯಲ್ಲಿ ಬಸ್ ಹತ್ತಿ ಡ್ರೈವರ್ ಹಿಂದೆಯೇ ಕೂತೆ. ಬಾಯಿ ಸುಮ್ಮನಿರಬೇಕಲ್ಲ!

"ಅಣ್ಣಾ, ಈಗ ಬ್ರೇಕ್ ಹಿಡೀಲಿಲ್ಲ ಅಂದ್ರೆ?"

"ಹ್ಯಾಂಡ್ ಬ್ರೇಕ್ ಐತಲ್ಲಕ್ಕ."

"ಅದೂ ಹಿಡೀಲಿಲ್ಲ ಅಂದ್ರೆ?"

"ಗೇರ್ ಇಳಿಸ್ತೀನಿ."

"ಗೇರೂ ಬೀಳಲಿಲ್ಲ ಅಂದ್ರೆ?"

ಪಕ್ಕದ ಅಜ್ಜಿ ಕಂಬಿ ತಬ್ಬಿಕೊಂಡು ಮನೆದೇವರಿಗೆ ಹರಕೆ ಹೊತ್ತಳು. ಮುಂದಿನ ಸ್ಟಾಪಿನಲ್ಲಿ ಡ್ರೈವರ್ ತಿರುಗಿ ಕೈ ಮುಗಿದ.

"ಅಕ್ಕಾ, ನೀವು ಹಿಂದಿನ ಸೀಟಿಗೆ ಹೋಗ್ರಿ. ಬ್ರೇಕ್ ಚೆನ್ನಾಗೈತೆ, ನನ್ನ ಕಾಲೇ ನಡುಗಾಕೆ ಹತ್ಯಾವೆ."

ಗೋವಿನಕೋವಿಯ ಮಿಸ್ಡ್ ಕಾಲ್

ತವರೂರು ಗೋವಿನಕೋವಿಗೆ ಹೋದಾಗ ಅವ್ವ ಕೇಳಿದಳು, "ಯಂತ್ರ ಒಳಗೊಳಗೇ ಸತ್ರೆ ಹೆಂಗೆ ಗೊತ್ತಾಗ್ತತೆ?"

"ಅದಕ್ಕೊಂದು ಕಾವಲು ಇಟ್ಟಿರ್ತೀವಿ ಕಣವ್ವ. ಕರ್ನಲ್ ಆಗಾಗ 'ಬದುಕಿದೀನಿ' ಅನ್ನಬೇಕು. ಅನ್ನಲಿಲ್ಲ ಅಂದ್ರೆ ಕಾವಲು ಯಂತ್ರಾನ ಆರಿಸಿ ಮತ್ತೆ ಹಚ್ಚುತ್ತೆ."

ಅವ್ವನ ಮುಖ ಬಿಳಿಚಿತು. "ಅಷ್ಟು ದೂರ ಒಬ್ಬಳೇ ಇರ್ತೀಯಲ್ಲೇ, ನಿನಗ್ಯಾರೇ ಕಾವಲು? ದಿನಾ ಬೆಳಿಗ್ಗೆ ಮಿಸ್ಡ್ ಕಾಲ್ ಕೊಡು." ನನ್ನ ಪಕ್ಕದ ಮನೆ ಅಕ್ಕನ ನಂಬರನ್ನೂ ಇಸ್ಕೊಂಡಳು.

ಮೊದಲ ದಿನವೇ ಮಿಸ್ಡ್ ಕಾಲ್ ಎತ್ತಿಬಿಟ್ಟಳು. ಯಾಕವ್ವ ಅಂದರೆ, "ದನಿ ಕೇಳದೆ ನೀನೇ ಅಂತ ಹೆಂಗೆ ನಂಬ್ಲಿ?"

ಜಗಳೂರಿನ ಮೇನ್ ಸ್ವಿಚ್

ಒಂದು ದಿನ ವಿಡಿಯೋ ಕಾಲ್‌ನಲ್ಲಿ ಕಂಪನಿಯ ಮೇಡಂಗೆ ನನ್ನ ವರದಿ ಒಪ್ಪಿಸಬೇಕಿತ್ತು. ಮೇಡಂ ಒಪ್ಪಲಿಲ್ಲ ಅಂದ್ರೆ ಕೆಲಸಕ್ಕೇ ಸಂಚಕಾರ. ರಾತ್ರಿಯೆಲ್ಲ ನಿದ್ದೆಯಿಲ್ಲ. ಆ ಭಯದಲ್ಲೇ ಬೆಳಿಗ್ಗೆ ಫೋನ್ ಆಫ್ ಮಾಡಿ ಕೂತೆ, ಮಿಸ್ಡ್ ಕಾಲ್ ಮರೆತೇಹೋಯಿತು.

ಕಾಲ್ ಶುರುವಾಯಿತು. "ಮೇಡಂ, ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಕರ್ನಲ್ ಸತ್ತಿದೆ ಅಂತಲ್ಲ. ಕಾವಲೇ ಗಾಬರಿಬಿದ್ದು ಬದುಕಿರೋ ಯಂತ್ರಾನ ಆರಿಸಿಬಿಟ್ರೆ ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಯಾಕಂದ್ರೆ..."

ಕರೆಂಟ್ ಹೋಯಿತು. ವೈಫೈ ಹೋಯಿತು, ಮೇಡಂ ಹೋದರು. ಅಷ್ಟರಲ್ಲಿ ಬಾಗಿಲು ದಬದಬ! ತೆಗೆದರೆ ಪಕ್ಕದ ಮನೆ ಅಕ್ಕ, ಕೈಯಲ್ಲಿ ಒನಕೆ.

"ಬದುಕಿದೀಯೇನವ್ವಾ! ನಿಮ್ಮವ್ವ ಫೋನಲ್ಲಿ ಅಳಾಕೆ ಹತ್ಯಾರೆ. ಕರೆಂಟ್ ಹೊಡೆದು ಬಿದ್ದೀಯೇನೋ ಅಂತ ಮೊದ್ಲು ಹೊರಗಿನ ಮೇನ್ ಸ್ವಿಚ್ ಆರಿಸ್ದೆ!"

ಸ್ವಿಚ್ ಮತ್ತೆ ಹಚ್ಚಿಸಿ, ಕಾಲ್ ಸೇರಿ, ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಮೇಡಂ ಮುಖ ತಗ್ಗಿಸಿದರು. ಮುಗೀತು ನನ್ನ ಕಥೆ ಅಂದುಕೊಂಡೆ. ಆಮೇಲೆ ನೋಡಿದರೆ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಾರೆ.

"ನೀವು ಹೇಳಿದ ಅಪಾಯ ಕಣ್ಣಾರೆ ನೋಡಿದ ಹಾಗಾಯ್ತು. ವರದಿ ಪಾಸ್."

ಅವ್ವನಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. ಆಮೇಲೆ ಪಾಸಾದ ಸುದ್ದಿಯನ್ನೂ ಹೇಳಿದೆ. ಅವ್ವ ಬೀಗಿದ್ದೇ ಬೀಗಿದ್ದು:

"ನೋಡ್ದೇನೇ? ಆರಿಸಿ ಹಚ್ಚಿದ ಮೇಲೇ ಸರಿಹೋಗಿದ್ದು!"