ಮೂರು ಮಿಲ್ಲಿಗೆ ಒಬ್ಬ ಮಾವ

ನಮ್ಮ ಸೋದರಮಾವನ ಬದ್ಧವೈರಿ ಯಾರೆಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ: ನಮ್ಮ ಸೋದರಮಾವ! ನಂಬುವುದಿಲ್ಲವೇ? ಕೇಳಿ ಹಾಗಾದರೆ.

ನಮ್ಮ ಸಾಹುಕಾರರಿಗೆ ಜೂಜುವಾಡಿಯಲ್ಲಿ ಹೆಂಚಿನ ಕಾರ್ಖಾನೆ, ಸೂಳಗಿರಿಯಲ್ಲಿ ಕಡಲೆಕಾಯಿ ಎಣ್ಣೆ ಮಿಲ್ಲು, ಉದ್ದನಪಲ್ಲಿಯಲ್ಲಿ ಅಕ್ಕಿ ಮಿಲ್ಲು. ಮೂರಕ್ಕೂ ಮಾವನೇ ಮ್ಯಾನೇಜರು. ಸೂಳಗಿರಿಯಲ್ಲಿ ನಾನು ಗುಮಾಸ್ತ. ಜೂಜುವಾಡಿಯ ಹೆಂಚಿನ ಗೂಡು ಉರಿಸಲು ಕಡಲೆಕಾಯಿ ಸಿಪ್ಪೆ ಬೇಕಾದರೆ ಮಾವ ಅಲ್ಲಿನ ಕುರ್ಚಿಯಲ್ಲಿ ಕೂತು ‘ಸೂಳಗಿರಿ ಮ್ಯಾನೇಜರ್ ಅವರಿಗೆ’ ಎಂದು ಕಾಗದ ಬರೆಯುತ್ತಿದ್ದರು. ಮರುದಿನ ಸೂಳಗಿರಿಗೆ ಬಂದು, ತಾವೇ ಲಕೋಟೆ ಒಡೆದು, ಗಂಭೀರವಾಗಿ ಓದಿ, ‘ಸಿಪ್ಪೆ ಕೊಡಲಾಗುವುದಿಲ್ಲ’ ಎಂದು ಉತ್ತರ! ಆ ಉತ್ತರ ಜೂಜುವಾಡಿ ತಲುಪಿದಾಗ ಮಾವ ಕೆಂಡಾಮಂಡಲ. ಅದನ್ನು ಹಿಡಿದುಕೊಂಡು ನನ್ನ ಮೇಜಿಗೇ ಬಂದರು.

“ನೋಡ್ಲಾ, ಈ ಸೂಳಗಿರಿಯೋನ ಕೊಬ್ಬು! ಒಂದು ನಮಸ್ಕಾರ ಇಲ್ಲ, ಏನಿಲ್ಲ!”

“ನೀವೇ ಬರ್ದಿದ್ದಲ್ವಾ ಮಾವ?”

“ಬರ್ದೋನು ಯಾರಾದ್ರೇನ್ಲಾ? ಮರ್ಯಾದೆ ಬ್ಯಾಡ್ವಾ?”

ಎರಡು ದಿನ ತಮ್ಮ ಮೇಲೆ ತಾವೇ ಮುನಿಸಿಕೊಂಡಿದ್ದರು.

ಸ್ವಾತಂತ್ರ್ಯ ಬಂದು ಒಂದೆರಡು ವರ್ಷಕ್ಕೆ ಹೊಸ ಕಾರ್ಖಾನೆ ಕಾಯಿದೆಯೂ ಬಂತು. ಅದರ ಹಿಂದೆಯೇ ಸೇಲಂನಿಂದ ಇನ್ಸ್‌ಪೆಕ್ಟರು ಕಾರಿನಲ್ಲಿ ಬಂದರು. ಜೂಜುವಾಡಿಯಲ್ಲಿ ಇಳಿದು ತಮ್ಮ ತಮಿಳಿನಲ್ಲಿ, “ಇಂಗೆ ಮ್ಯಾನೇಜರ್ ಯಾರು?” ಎಂದರು. ಮಾವ ಕೈಮುಗಿದು ನಿಂತರು. ತಪಾಸಣೆ ಮುಗಿದ ಮೇಲೆ, “ನಾನೂ ಸೂಳಗಿರಿ ಕಡೆಗೇ ಹೋಗ್ಬೇಕು ಸಾರ್” ಎಂದು ಅದೇ ಕಾರು ಹತ್ತಿದರು! ಸೂಳಗಿರಿಯಲ್ಲಿ ಇನ್ಸ್‌ಪೆಕ್ಟರು ಇಳಿದು, “ಮ್ಯಾನೇಜರ್ ಯಾರು?” ಎಂದರೆ ಆಚೆ ಬಾಗಿಲಿನಿಂದ ಇಳಿದ ಮಾವ, “ನಾನೇ ಸಾರ್” ಎಂದು ಮತ್ತೆ ಕೈಮುಗಿದರು. ಬಚ್ಚಿಡುವ ಬುದ್ಧಿಯಾದರೂ ಬೇಡವೇ? ಹೊರಡುವಾಗ ಇನ್ಸ್‌ಪೆಕ್ಟರೇ ಬಾಗಿಲು ತೆರೆದು, “ಏರುಂಗ ಸಾರ್, ಉದ್ದನಪಲ್ಲಿದಾನೇ?” ಎಂದು ಹತ್ತಿಸಿಕೊಂಡರು.

ವಾರದಲ್ಲೇ ತಾಕೀತು ಬಂತು. ಒಂದೊಂದು ಕಾರ್ಖಾನೆಗೂ ಒಬ್ಬೊಬ್ಬ ಮ್ಯಾನೇಜರ್. ಹೆಸರು ಬರೆದು ಸೇಲಂಗೆ ಕಳಿಸಬೇಕು. ಕೆಲಸದವರಿಗೆ ಅಪಾಯವಾದರೆ ಕೋರ್ಟಿನಲ್ಲಿ ನಿಲ್ಲುವವನೂ ಅವನೇ. ಸಾಹುಕಾರರು ಜೂಜುವಾಡಿಗೆ ಮಾವನನ್ನು, ಉದ್ದನಪಲ್ಲಿಗೆ ತಮ್ಮ ಅಳಿಯನನ್ನು, ಸೂಳಗಿರಿಗೆ ನನ್ನನ್ನು ಗೊತ್ತುಮಾಡಿದರು. ಇಪ್ಪತ್ತನಾಲ್ಕಕ್ಕೇ ಮ್ಯಾನೇಜರ್! ಅವ್ವ ಕೇರಿಗೆಲ್ಲ ಪಾಯಸ ಹಂಚಿದಳು. ನಾನು ಕನ್ನಡಿಯ ಮುಂದೆ ನಿಂತು ಗದರುವುದನ್ನು ಅಭ್ಯಾಸ ಮಾಡಿದೆ.

ಕಾಗದ ಸೇಲಂಗೆ ಹೋಗುವ ದಿನ ಮಾವ ಹಠ ಹಿಡಿದರು. ನನ್ನ ಹೆಸರು ಹೊಡೆದುಹಾಕಿ ಸೂಳಗಿರಿಗೆ ತಮ್ಮ ಹೆಸರು ಬರೆಸಿಕೊಂಡರು. ಜೂಜುವಾಡಿ ಅಲ್ಲಿನ ಮೇಸ್ತ್ರಿಗೆ ಹೋಯಿತು. ನನಗೆ ಗುಮಾಸ್ತಿಕೆಯೇ ಗಟ್ಟಿ! ಹೊಟ್ಟೆಕಿಚ್ಚಿನ ಮುದುಕ ಎಂದು ಬೈದುಕೊಂಡು ಮಾತು ಬಿಟ್ಟೆ.

ಸೂಳಗಿರಿಯ ಮ್ಯಾನೇಜರಾದ ಮಾವ ಮೊದಲು ಮಾಡಿದ ಕೆಲಸ ಇಂಜಿನ್ ನಿಲ್ಲಿಸಿದ್ದು. ಕಡಲೆಕಾಯಿ ಸುಗ್ಗಿ ಬೇರೆ! ಇಂಜಿನ್ನಿನ ದೊಡ್ಡ ಬೆಲ್ಟು ಹೆಂಗಸರು ಕುಕ್ಕೆ ಹೊತ್ತು ಓಡಾಡುವ ದಾರಿಯ ಪಕ್ಕದಲ್ಲೇ, ಅಡ್ಡ ಏನೂ ಇಲ್ಲದೆ ತಿರುಗುತ್ತಿತ್ತು. ಕಂಬಿ ಹಾಕಿಸಿ ಎಂದು ಮಾವ ವರ್ಷಗಟ್ಟಲೆ ಕೇಳಿದ್ದರು. ಸುಗ್ಗಿ ಮುಗಿಯಲಿ ಎಂದು ಸಾಹುಕಾರರು ವರ್ಷಗಟ್ಟಲೆ ತಳ್ಳಿದ್ದರು.

“ಕಂಬಿ ಹಾಕೋಗಂಟ ಇಂಜಿನ್ ಓಡಾಕಿಲ್ಲ ಸಾಹುಕಾರ್ರೇ. ಕಾಗದದಾಗೆ ನನ್ನ ಹೆಸರೈತೆ” ಎಂದರು.

ಮೂರು ದಿನ ಮಿಲ್ಲು ನಿಂತಿತು. ಮೂರನೆಯ ದಿನ ಕಂಬಿ ಬಂತು. ಅಂದೇ ಸಾಹುಕಾರರು ಮಾವನನ್ನು ಕೆಲಸದಿಂದ ತೆಗೆದರು.

ಮ್ಯಾನೇಜರ್ ಬದಲಾದರೆ ಅದನ್ನೂ ಸೇಲಂಗೆ ತಿಳಿಸಬೇಕಲ್ಲ? ಆ ಕಾಗದವನ್ನು ಮಾವನೇ ಬರೆದು, ನನ್ನ ಹೆಸರು ತುಂಬಿ ನನ್ನ ಮುಂದಿಟ್ಟರು.

“ನನ್ನ ಜಾಗಕ್ಕೆ ಬಂದು ನಿಮ್ಮ ಕೆಲ್ಸ ಹೋಯ್ತಲ್ಲ ಮಾವ” ಎಂದೆ. ಮಾತು ಬಿಟ್ಟ ಮೇಲೆ ಅದೇ ಮೊದಲ ಮಾತು.

“ನೀನಾಗಿದ್ರೆ ಸಾಹುಕಾರ್ರು ಗದರಿದ ತಕ್ಷಣ ಇಂಜಿನ್ ಹಚ್ಚಿಬುಡ್ತಿದ್ದೆ ಕಣ್ಲಾ. ಯಾರ್ದಾದ್ರೂ ಸೀರೆ ಸಿಕ್ಕಾಕೊಂಡು ಜೀವ ಹೋಗಿದ್ರೆ, ಜಲ್ಮೆಲ್ಲ ನಿಂಗೆ ನಿದ್ದೆ ಬತ್ತಿರ್ಲಿಲ್ಲ. ಈಗ ಹಾಕು ರುಜು.”

ಹಾಕಿದೆ. ಮಾವ ಶಾಯಿ ಆರುವವರೆಗೂ ಊದುತ್ತ ನಿಂತಿದ್ದರು.