ಸೊನ್ನೆಗೇ ನಿಷ್ಠರಾದ ಸೆನ್ಸರ್ ಸಾಹೇಬರಿಗೆ

ಮಾನ್ಯರೇ,

ನನ್ನ ಹಳೆಯ ನೀಲಿ ಕಾರಿನ ಗೇರುಪೆಟ್ಟಿಗೆಯ ಪಕ್ಕದಲ್ಲಿ, ಬೆಳಕು ಬೀಳದ ಜಾಗದಲ್ಲಿ, ಒಂದೇ ಬೋಲ್ಟಿನ ಆಸರೆಯ ಮೇಲೆ ವಿರಾಜಮಾನರಾಗಿರುವ ವೇಗದ ಸೆನ್ಸರ್ ಸಾಹೇಬರಾದ ತಮಗೆ, ಸಮೋವಾ ದೇಶದ ಉಪೋಲು ದ್ವೀಪದ ತೆಂಕಣ ಕರಾವಳಿಯಿಂದ ಫುವಾತಿನೋ ಎಂಬ ಹೆಂಗಸು ತಲೆಬಾಗಿ ಬರೆದುಕೊಳ್ಳುವುದೇನೆಂದರೆ, ದೇವರ ದಯೆಯಿಂದ ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಕ್ಷೇಮದ ಬಗ್ಗೆ ಮಾತ್ರ ಬಹಳ ಕಾಲದಿಂದ ಯಾವ ಸುದ್ದಿಯೂ ಇಲ್ಲ. ನಮ್ಮ ಊರಿನಲ್ಲಿ ಪಕ್ಕದ ಮನೆಯಿಂದ ಒಂದು ಹಿಡಿ ಉಪ್ಪು ಕೇಳಬೇಕಾದರೂ ಮೊದಲು ಆ ಮನೆಯವರ ವಂಶವನ್ನು ಹೊಗಳಬೇಕು. ಆದ್ದರಿಂದ ಹೊಗಳುತ್ತೇನೆ. ಜಪಾನಿನಲ್ಲಿ ಹುಟ್ಟಿ, ನ್ಯೂಜಿಲೆಂಡಿನಲ್ಲಿ ಯಾರದೋ ಸೇವೆ ಮಾಡಿ, ಅವರು ಸಾಕೆಂದ ಮೇಲೆ ಹಡಗು ಹತ್ತಿ ನಮ್ಮಲ್ಲಿಗೆ ದಯಮಾಡಿಸಿದ ತಾವು ಲೋಕ ಕಂಡವರು. ನಾನೋ, ಪಾದ್ರಿಗಳ ಮನೆಯಲ್ಲಿ ಅಕ್ಷರ ತಿದ್ದಿ, ಊರ ಶಾಲೆಯಲ್ಲಿ ಅಷ್ಟಿಷ್ಟು ಓದಿದವಳು. ತಪ್ಪಿದ್ದರೆ ಮನ್ನಿಸಬೇಕು.

ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ನೋಡಿ ಮೇಲಕ್ಕೆ ವರದಿ ಕಳಿಸುವುದು ತಮಗಿರುವ ಒಂದೇ ಕೆಲಸವೆಂದು ಮೆಕ್ಯಾನಿಕ್ ಫೆರೆಟಿ ಹೇಳುತ್ತಾನೆ. ಒಂದೇ ಕೆಲಸವಿರುವವರಿಗೆ ಅದೂ ಬೇಸರವಾಗುವುದು ಸಹಜ. ತಾವು ಮೌನವ್ರತ ಹಿಡಿದಂದಿನಿಂದ ನನ್ನೆದುರಿನ ವೇಗದ ಮುಳ್ಳು ಸೊನ್ನೆಯ ಮೇಲೆ ತಲೆಯಿಟ್ಟು ಮಲಗಿದೆ. ಕಾರು ಎಷ್ಟು ದೂರ ಓಡಿತೆಂಬ ಅಂಕಿಯೂ ನಿಂತುಹೋಗಿದೆ, ಅಂದರೆ ಕಾರಿಗೆ ವಯಸ್ಸಾಗುವುದನ್ನೇ ತಾವು ನಿಲ್ಲಿಸಿದ್ದೀರಿ. ಈ ವರ್ಷ ಐವತ್ತು ತುಂಬಿದ ನನ್ನ ಮೊಣಕಾಲುಗಳ ಮೇಲೂ ಅದೇ ಕೃಪೆ ತೋರಬಾರದೇ ಎಂದು ಕೇಳುವ ಆಸೆ. ಆದರೆ ಗೇರುಪೆಟ್ಟಿಗೆ ತಮ್ಮ ಮೌನವನ್ನು ನನ್ನಷ್ಟು ಭಕ್ತಿಯಿಂದ ಸ್ವೀಕರಿಸಿಲ್ಲ. ಊರು ಬಿಟ್ಟ ಗಂಡನಿಂದ ಕಾಗದ ಬಾರದ ಹೆಂಡತಿಯಂತೆ ಒಮ್ಮೆ ಜಗ್ಗಿ, ಒಮ್ಮೆ ಒದ್ದು, ಗುಡ್ಡ ಹತ್ತುವಾಗ ಒಂದೇ ಗೇರಿನಲ್ಲಿ ಹಟ ಹಿಡಿದು ಕೂರುತ್ತದೆ.

ಇದು ನನ್ನೊಬ್ಬಳ ಸುಖದ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. ನನ್ನ ಅಕ್ಕ ಆಕೆನೆಸೆಗೆ ಮೂತ್ರಪಿಂಡಗಳು ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಗುಡ್ಡ ದಾಟಿ ಆಪಿಯಾ ಪೇಟೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಹೋಗುವಾಗ ಹೇಗೋ ಬಸ್ಸಿನ ಮರದ ಸೀಟಿನಲ್ಲಿ ಕೂತಾಳು, ಬರುವಾಗ ಕತ್ತು ನಿಲ್ಲುವುದಿಲ್ಲ. ಕಾರಿನ ವಾರ್ಷಿಕ ತಪಾಸಣೆ ಬರುವ ಸೋಮವಾರ. ಮುಳ್ಳು ಏಳದ ಕಾರಿಗೆ ರಸ್ತೆಯ ಪರವಾನಗಿ ಕೊಡುವುದಿಲ್ಲವೆಂದು ಅಲ್ಲಿಯ ಅಧಿಕಾರಿ ಆಗಲೇ ಹೇಳಿದ್ದಾರೆ. ಪರವಾನಗಿ ಇಲ್ಲದಿದ್ದರೆ ಕಾರಿಲ್ಲ, ಕಾರಿಲ್ಲದಿದ್ದರೆ ಅಕ್ಕ ಎಷ್ಟು ವಾರ ಇರುತ್ತಾಳೋ ದೇವರೇ ಬಲ್ಲ.

ತಮ್ಮ ಸೇವೆಯಲ್ಲಿ ನಾನು ಯಾವ ಕೊರತೆಯನ್ನೂ ಮಾಡಿಲ್ಲ. ಉಳುಕಿದ ಕಾಲಿಗೂ ಹಲ್ಲು ಬರುವ ಮಗುವಿಗೂ ಕೊಬ್ಬರಿ ಎಣ್ಣೆಯೇ ಮದ್ದೆಂದು ನಂಬಿದ ಊರು ನಮ್ಮದು. ಚಾಪೆ ಹಾಸಿ ಕಾರಿನಡಿ ತೂರಿ, ತಮ್ಮ ತಂತಿ ಬಿಚ್ಚಿ, ಬೆಚ್ಚಗೆ ಎಣ್ಣೆ ನೀವಿ, ಒಂದು ಪ್ರಾರ್ಥನೆಯನ್ನೂ ಹೇಳಿ ಬಂದೆ. ಮರುದಿನ ಅದೇ ಜಾಗಕ್ಕೆ ತೂರಿದ ಫೆರೆಟಿ ಅಲ್ಲಿಂದಲೇ ಕೂಗಿದ: "ಅಕ್ಕಾ, ಇದು ಅಲೆ ಹೊಡೆಯೋ ರಸ್ತೇಲಿ ಓಡಾಡಿ ಉಪ್ಪು ತಿಂದು ಸತ್ತಿದೆ. ಆದ್ರೆ ಇದಕ್ಕೆ ಒಗ್ಗರಣೆ ಹಾಕಿದೋರು ಯಾರು?"

ಇನ್ನು ತಮ್ಮ ಸಾಕ್ಷ್ಯದ ವಿಷಯ. ಸಂಜೆ ಶಂಖ ಊದಿದ ಮೇಲೆ, ಪ್ರಾರ್ಥನೆ ಮುಗಿದು ಮತ್ತೆ ಊದುವ ತನಕ, ನಮ್ಮೂರ ಒಳರಸ್ತೆಯಲ್ಲಿ ನಾಯಿಯೂ ನಡೆಯುವಂತಿಲ್ಲ. ಊರ ಹುಡುಗರು ಸಾಲಾಗಿ ನಿಂತು ಕಾಯುತ್ತಾರೆ. ಹೋದ ವಾರ ಪೇಟೆಯಿಂದ ಬರುವಾಗ ಊರ ಬಾಗಿಲಲ್ಲೇ ಶಂಖ ಕೇಳಿತು. ಹಿಂದಿನ ಸೀಟಿನಲ್ಲಿ ಅಕ್ಕ ವಾಂತಿ ಮಾಡುತ್ತಿದ್ದಳು. ನಾನು ನಿಲ್ಲಿಸಲಿಲ್ಲ.

ಮರುದಿನ ನಮ್ಮ ಮನೆತನದ ಯಜಮಾನನಾದ ಅಣ್ಣ ಪೆಸಮಿನೋನಿಗೆ ಪಂಚಾಯಿತಿಯಿಂದ ಕರೆ ಬಂತು. ಅವನು ಮಾತುಗಾರ. ಊರುಗೋಲು ಊರಿ, ನಾರಿನ ಚಾಮರವನ್ನು ಹೆಗಲ ಮೇಲೆ ಬೀಸಿ, ಮುಳ್ಳು ಸೊನ್ನೆಯಲ್ಲೇ ಇತ್ತಾದ್ದರಿಂದ ಕಾರು ತನ್ನದೇ ಹೇಳಿಕೆಯ ಪ್ರಕಾರ ನಿಂತಿತ್ತೆಂದು ವಾದಿಸಿದ. ಕಂಬಕ್ಕೊರಗಿ ಕೂತಿದ್ದ ಹಿರಿಯರು ನಗು ತಡೆದುಕೊಂಡರು.

"ಹಾಗಾದ್ರೆ ನಮ್ಮೂರೇ ನಿನ್ನ ತಂಗಿ ಕಾರಿನ ಪಕ್ಕದಲ್ಲಿ ಹಿಂದಕ್ಕೆ ಓಡಿತೇನಪ್ಪಾ?" ಎಂದು ಕೇಳಿದರು ಎಲ್ಲರಿಗಿಂತ ಹಿರಿಯರು.

"ಸಾಧ್ಯ ಉಂಟು ಬುದ್ಧೀ. ದೇವರ ಕೆಲಸ, ನಾವು ಕಂಡೆವೇ?"

"ಸರಿ ಹಾಗಾದ್ರೆ. ಓಡಿ ಓಡಿ ಊರಿಗೆ ಹಸಿವಾಗಿದೆ. ಒಂದು ಹಂದಿ ತಂದು ಕೊಡು."

ಮಾನ್ಯರೇ, ತಮ್ಮ ಒಂದು ಸೊನ್ನೆಗೆ ನಮ್ಮ ಮನೆಯ ಒಂದು ಹಂದಿ ಹೋಯಿತು. ಮುಂದಿನ ಸಭೆಗಾದರೂ ತಾವೇ ಬಿಳಿ ಬಟ್ಟೆ ಉಟ್ಟು, ಚಾಪೆಯ ಮೇಲೆ ಕೂತು ಸಾಕ್ಷಿ ಹೇಳಬೇಕಾಗಿ ಕೋರುತ್ತೇನೆ.

ದಂಡ ವಿಧಿಸಿದ ಮೇಲೆ ಆ ಹಿರಿಯರು ಇನ್ನೊಂದು ಮಾತನ್ನೂ ಆಡಿದರಂತೆ. "ಕಾಯಿಲೆಯವಳು ರಸ್ತೇಲಿ ಕೂರಬಾರದು. ಎಂಜಿನ್ ಆರಿಸಿದ್ರೆ ಅದು ಕಾರಲ್ಲ, ಹಾಸಿಗೆ. ಹಾಸಿಗೆ ಹೊತ್ತು ತರೋದಕ್ಕೆ ಯಾವ ಸಂಜೇಲೂ ಅಡ್ಡಿ ಇಲ್ಲ." ಮೊನ್ನೆ ಶುಕ್ರವಾರ ಮತ್ತೆ ಊರ ಬಾಗಿಲಲ್ಲೇ ಶಂಖ ಮೊಳಗಿತು. ನಾನು ಎಂಜಿನ್ ಆರಿಸಿದೆ. ಕಾವಲಿನ ಹುಡುಗರು ಬಂದು ಹಿಂದಿನಿಂದ ಹೆಗಲು ಕೊಟ್ಟರು. ಒಂದು ಮನೆಯಿಂದ ಭಜನೆಯ ಮೊದಲ ಸಾಲು, ಮುಂದಿನ ಮನೆಯಿಂದ ಇನ್ನೊಂದು ಸಾಲು ಹೀಗೆ ಕೇಳುತ್ತಾ ಹೋದೆವು. ಹಿಂದಿನ ಸೀಟಿನಲ್ಲಿ ಮಲಗಿದ್ದ ಅಕ್ಕ ಎಲ್ಲ ಮನೆಗಳ ಜೊತೆಗೂ ಸಣ್ಣಗೆ ಹಾಡಿದಳು. ತಾವು ಕೆಲಸಕ್ಕೆ ಹಾಜರಾಗದೆ ನಡೆದ ಪ್ರಯಾಣಗಳಲ್ಲೆಲ್ಲ ಅದೇ ಸುಖವಾದದ್ದು ಎಂದು ವಿನಯದಿಂದ ತಿಳಿಸುತ್ತೇನೆ.

ಆದರೆ ಗುಡ್ಡ ದಾಟಿಸಿ ಆಪಿಯಾದವರೆಗೆ ತಳ್ಳುವ ಹೆಗಲು ಯಾವ ಊರಿನಲ್ಲೂ ಇಲ್ಲ. ಸತ್ತವರನ್ನು ಎಬ್ಬಿಸಿದ ದೇವರಿಗೆ ತಾವೇನೂ ಭಾರವಲ್ಲ. ಆತನಿಗೆ ಬೇರೆ ಕೆಲಸಗಳಿವೆ. ಆದ್ದರಿಂದ ಸೋಮವಾರದ ಒಳಗೆ ತಾವಾಗಿ ಏಳಿ, ಇಲ್ಲವೇ ಆ ಆಸನವನ್ನು ದೊಡ್ಡ ಮನಸ್ಸಿನಿಂದ ತೆರವು ಮಾಡಿ. ಎರಡರಲ್ಲಿ ಯಾವುದಾದರೂ ಸರಿ, ತಮ್ಮ ಹೆಸರನ್ನು ಪ್ರಾರ್ಥನೆಯಲ್ಲಿ ನೆನೆಯುತ್ತೇನೆ.

ತಮ್ಮ ಮೇಲಿನ ಸೀಟಿನಲ್ಲಿ ಕೂತು ತಮ್ಮ ಒಂದು ಮಾತಿಗಾಗಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಫುವಾತಿನೋ

ತಾ.ಕ.: ತಮ್ಮ ಉತ್ತರ ಬಾರದ್ದರಿಂದ, ಕೋಕೋ ತೋಟದ ಹಿಂದೆ ಕೆಟ್ಟು ಬಿದ್ದಿದ್ದ ಕಾರೊಂದರಿಂದ ತಮ್ಮ ದಾಯಾದಿಯನ್ನು ಫೆರೆಟಿ ಬಿಚ್ಚಿ ತಂದು ಕೂರಿಸಿದ. ಸೋಮವಾರ ಮುಳ್ಳು ಎದ್ದಿತು, ಪರವಾನಗಿ ಸಿಕ್ಕಿತು. ಅಲ್ಲಿಂದ ಆಸ್ಪತ್ರೆಗೆ ಹೋಗುವಾಗ ಅಕ್ಕ ಬಗ್ಗಿ ಮುಳ್ಳನ್ನೇ ನೋಡಿ, "ಇಷ್ಟೇನಾ ನಿನ್ನ ವೇಗ? ನೀನು ಕಾರು ಹಾರಿಸ್ತೀಯ ಅಂತ ದಾರಿ ಉದ್ದಕ್ಕೂ ಕಣ್ಣು ಮುಚ್ಚಿ ದೇವರನ್ನ ಕರೀತಿದ್ನಲ್ಲೇ, ಎಲ್ಲಾ ದಂಡ!" ಎಂದಳು. ತಮ್ಮನ್ನು ಅಣ್ಣ ಪೆಸಮಿನೋ ಗಾಳದ ದಾರಕ್ಕೆ ಭಾರವಾಗಿ ಕಟ್ಟಿಕೊಂಡಿದ್ದಾನೆ. ಮೀನು ಕಚ್ಚಿದರೆ ದಯವಿಟ್ಟು ತಿಳಿಸಿ, ಅದನ್ನಾದರೂ.